ಅರ್ಧ ಗ್ರಾಮಿನ ಲೆಕ್ಕ

"ಟೀಚರ್, ಹೋದ ವಾರ ರಾಶಿ ನಾಶ ಆಗಂಗಿಲ್ಲ ಅಂದ್ರಿ. ಯೂಟ್ಯೂಬ್‌ನಾಗ ನೋಡಿದ್ರ ಐನ್‌ಸ್ಟೀನ್ ರಾಶಿ ಶಕ್ತಿ ಆಗ್ತದ ಅಂತಾನ. ಎರಡ್ರಾಗ ಯಾವ್ದು ಖರೆ?"

ಕೇಳಿದವಳು ಒಂಬತ್ತನೇ ಕ್ಲಾಸಿನ ಹುಡುಗಿ. ಅವಳಪ್ಪ ರಾಯಚೂರು ಹತ್ತಿರದ ಶಕ್ತಿನಗರದ ಥರ್ಮಲ್‌ನಲ್ಲಿ, ಅಂದರೆ ಕಲ್ಲಿದ್ದಲು ಸುಟ್ಟು ಕರೆಂಟ್ ತೆಗೆಯುವ ಸ್ಥಾವರದಲ್ಲಿ, ಕೆಲಸಕ್ಕಿದ್ದಾರೆ. ಈ ಪ್ರಶ್ನೆಗೆ ನನ್ನ ಹತ್ತಿರ ಎಷ್ಟೋ ವರ್ಷದಿಂದ ಒಂದು ಸಿದ್ಧ ಉತ್ತರವಿತ್ತು: ರಾಸಾಯನಿಕ ಕ್ರಿಯೆಯಲ್ಲಿ ರಾಶಿ ಹಾಗೇ ಉಳಿಯುತ್ತದೆ, ಅಣುಬಾಂಬು ಮತ್ತು ರಿಯಾಕ್ಟರಿನಲ್ಲಿ ಮಾತ್ರ ಅದು ಶಕ್ತಿಯಾಗುತ್ತದೆ. ಅವತ್ತೂ ಅದನ್ನೇ ಹೇಳಿದೆ. ಅವಳು ತಲೆಯಾಡಿಸಿ ಕುಳಿತಳು, ಆದರೆ ಮುಖದಲ್ಲಿ ಒಪ್ಪಿಗೆ ಇರಲಿಲ್ಲ. ರಾತ್ರಿ ಮನೆಯಲ್ಲಿ ಹಾಳೆ ಪೆನ್ನು ಹಿಡಿದು ಲೆಕ್ಕ ಹಾಕುತ್ತಾ ಹೋದಂತೆ, ಇಷ್ಟು ವರ್ಷ ತಪ್ಪು ಹೇಳಿಕೊಟ್ಟಿದ್ದೇನೆ ಅನ್ನುವುದು ಖಚಿತವಾಯಿತು. ನನ್ನ ಫ್ರೆಂಡ್ಸ್ ಲಿಸ್ಟಿನಲ್ಲಿ ವಿಜ್ಞಾನದ ಮೇಷ್ಟ್ರುಗಳು ಬಹಳ ಜನ ಇದ್ದೀರಿ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ 'ರಾಶಿ' ಅನ್ನುವ ಪದ. ಪಾಠದಲ್ಲಿ ಅದು ಇಂಗ್ಲಿಷಿನ mass, ತಕ್ಕಡಿಯಲ್ಲಿ ತೂಗಿ ತಿಳಿಯುವಂಥದ್ದು. ನಮ್ಮ ಕಡೆ ಮಕ್ಕಳಿಗೆ ರಾಶಿ ಅಂದರೆ ಜೋಳದ ರಾಶಿ, ತೊಗರಿ ರಾಶಿ. ಪಾಠಕ್ಕೆ ಅದು ಅಡ್ಡಿ ಅಂದುಕೊಂಡಿದ್ದೆ, ಈಗ ಅದೇ ಒಳ್ಳೆಯ ದಾರಿ ಅನಿಸುತ್ತದೆ. ಕಣಕ್ಕೆ ತಂದ ತೆನೆಯ ತೂಕಕ್ಕೂ ಚೀಲಕ್ಕೆ ತುಂಬಿದ ಕಾಳಿನ ತೂಕಕ್ಕೂ ವ್ಯತ್ಯಾಸ ಬಂದರೆ ಕಾಳು ಮಾಯವಾಯಿತು ಅಂತ ಯಾವ ರೈತನೂ ಹೇಳುವುದಿಲ್ಲ. ತೂರುವಾಗ ಹೊಟ್ಟು ಗಾಳಿಗೆ ಹೋಯಿತು, ಅಷ್ಟೇ. ಸೌದೆ ಉರಿದು ಬೊಗಸೆ ಬೂದಿ ಉಳಿಯುವುದೂ ಹೀಗೆಯೇ. ಆದರೆ ಇಲ್ಲಿ ಗಾಳಿಗೆ ಹೋದದ್ದು ಕಣ್ಣಿಗೆ ಕಾಣುವುದಿಲ್ಲ. ಗಾಳಿಯಿಂದ ಬಂದು ಸೇರಿದ್ದೂ ಕಾಣುವುದಿಲ್ಲ.

ಇದೇ ಜಾಗದಲ್ಲಿ ರಾಬರ್ಟ್ ಬಾಯ್ಲ್‌ನಂಥ ದೊಡ್ಡ ವಿಜ್ಞಾನಿಯೇ ಎಡವಿದ. 1673ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಅವನು ಮುಚ್ಚಿದ ಗಾಜಿನ ಪಾತ್ರೆಯೊಳಗೆ ತವರ ಕಾಯಿಸಿದ, ಆಮೇಲೆ ಬಾಯಿ ಒಡೆದು ತೂಗಿದ. ತೂಕ ಹೆಚ್ಚಾಗಿತ್ತು. ಬೆಂಕಿಯ ಕಣಗಳು ಗಾಜನ್ನು ತೂರಿ ಒಳಗೆ ಬಂದವು ಅಂತ ತೀರ್ಮಾನಿಸಿದ. ಒಳಗಿನ ಗಾಳಿಯ ಒಂದು ಪಾಲು ತವರಕ್ಕೆ ಸೇರಿ ಖಾಲಿಯಾದ ಜಾಗಕ್ಕೆ, ಬಾಯಿ ಒಡೆದ ಕೂಡಲೇ ಹೊರಗಿನ ಗಾಳಿ ನುಗ್ಗಿತ್ತು. ಸುಮಾರು ನೂರು ವರ್ಷ ಕಳೆದು, 1774ರಲ್ಲಿ, ಫ್ರಾನ್ಸಿನ ರಸಾಯನ ವಿಜ್ಞಾನಿ ಲಾವೋಸಿಯೆ ಅದೇ ಪ್ರಯೋಗವನ್ನು ಮತ್ತೆ ಮಾಡಿದ. ಪಾತ್ರೆ ಒಡೆಯುವ ಮೊದಲೇ ತೂಗಿದ. ತೂಕ ಬದಲಾಗಿರಲಿಲ್ಲ. ಯಾವಾಗ ತೂಗಬೇಕು ಅನ್ನುವ ಒಂದೇ ವ್ಯತ್ಯಾಸದಿಂದ ಇಡೀ ರಸಾಯನಶಾಸ್ತ್ರದ ದಾರಿ ಬದಲಾಯಿತು.

ಈಗ ನಮ್ಮೂರಿನ ಥರ್ಮಲ್‌ಗೆ ಬರೋಣ. ಅಲ್ಲಿ 210 ಮೆಗಾವ್ಯಾಟಿನ ಏಳು ಯೂನಿಟ್, 250ರದ್ದು ಒಂದು. ಒಂದು 210ರ ಯೂನಿಟ್ ಇಡೀ ದಿನ ಪೂರ್ತಿ ಓಡಿದರೆ ಸುಮಾರು 3000 ಟನ್ ಕಲ್ಲಿದ್ದಲು ಬೇಕು. ಅದರಲ್ಲಿ ಮೂರನೇ ಒಂದು ಪಾಲಿನಷ್ಟು ಬೂದಿಯಾಗಿ ಉಳಿಯುತ್ತದೆ. ಮಿಕ್ಕದ್ದು ಚಿಮಣಿಯಲ್ಲಿ ಹೋಗುತ್ತದೆ, ಅದೂ ಒಂಟಿಯಾಗಿ ಅಲ್ಲ. 12 ಗ್ರಾಂ ಕಾರ್ಬನ್ 32 ಗ್ರಾಂ ಆಕ್ಸಿಜನ್ ಸೇರಿಸಿಕೊಂಡು 44 ಗ್ರಾಂ ಆಗಿ ಹೋಗುತ್ತದೆ. ಹೊರಗೆ ಹೋಗುವ ಕಾರ್ಬನ್ ಡೈಆಕ್ಸೈಡಿನ ತೂಕವೇ ಒಳಗೆ ಹಾಕಿದ ಕಲ್ಲಿದ್ದಲಿಗಿಂತ ಹೆಚ್ಚು! 'ಸುಟ್ಟು ಹೋಯಿತು' ಅನ್ನುವ ಮಾತು ನಮ್ಮ ಬಾಯಲ್ಲಿ ಎಷ್ಟು ಸಲೀಸಾಗಿ ಬರುತ್ತದೆ. ಬೀದಿ ಬದಿ ಕಸಕ್ಕೆ ಬೆಂಕಿ ಹಚ್ಚಿ ಜಾಗ ಸ್ವಚ್ಛವಾಯಿತು ಅಂದುಕೊಳ್ಳುವುದರ ಹಿಂದೆ ಇರುವುದೂ ಇದೇ ನಂಬಿಕೆ.

ಆ ಲೆಕ್ಕದಲ್ಲಿ ಶಕ್ತಿ ಎಲ್ಲಿ ಬಂತು? ಐನ್‌ಸ್ಟೀನ್ 1905ರಲ್ಲಿ ಬರೆದದ್ದು ಇಷ್ಟು: ಒಂದು ವಸ್ತು ಶಕ್ತಿಯನ್ನು ಹೊರಗೆ ಬಿಟ್ಟರೆ, ಆ ಶಕ್ತಿಯನ್ನು ಬೆಳಕಿನ ವೇಗದ ವರ್ಗದಿಂದ ಭಾಗಿಸಿದಷ್ಟು ಅದರ ರಾಶಿ ಕಡಿಮೆಯಾಗುತ್ತದೆ. 'ಪರಮಾಣು ಶಕ್ತಿಯಾದರೆ ಮಾತ್ರ' ಅನ್ನುವ ಷರತ್ತು ಅದರಲ್ಲಿ ಎಲ್ಲೂ ಇಲ್ಲ. 210 ಮೆಗಾವ್ಯಾಟನ್ನು ಒಂದು ದಿನದ 86,400 ಸೆಕೆಂಡಿನಿಂದ ಗುಣಿಸಿ, ಬೆಳಕಿನ ವೇಗದ ವರ್ಗದಿಂದ ಭಾಗಿಸಿ ನೋಡಿ, 0.2 ಗ್ರಾಂ ಬರುತ್ತದೆ. ಅದು ಬರೀ ಕರೆಂಟಿನದ್ದು. ನೀರಿಗೆ, ಹೊಗೆಗೆ ಹೋಗುವ ಶಾಖವನ್ನೂ ಕೂಡಿಸಿದರೆ ಅರ್ಧ ಗ್ರಾಮಿಗೆ ಸ್ವಲ್ಪ ಮೇಲೆ. ಅಂದರೆ ಬೂದಿಯನ್ನೂ ಹೊಗೆಯನ್ನೂ ಒಂದು ಕಣ ಬಿಡದೆ ಕೂಡಿಟ್ಟು, ಆರಲು ಬಿಟ್ಟು ತೂಗಿದರೆ, ದಿನಕ್ಕೆ ಅರ್ಧ ಗ್ರಾಮಿನಷ್ಟು ನಿಜವಾಗಿಯೂ ಕಡಿಮೆ ಇರುತ್ತದೆ.

ಇನ್ನು ಕೈಗಾದ ಪರಮಾಣು ವಿದ್ಯುತ್ ಸ್ಥಾವರ. ಅಲ್ಲಿ 220 ಮೆಗಾವ್ಯಾಟಿನ ನಾಲ್ಕು ಘಟಕಗಳು. ಒಂದು ಘಟಕದ ದಿನದ ಕರೆಂಟಿಗೆ ಇದೇ ಲೆಕ್ಕ ಹಾಕಿದರೆ ಬರುವುದು 0.2 ಗ್ರಾಂ. ರಾಯಚೂರಿನಷ್ಟೇ! ಹಾಳೆಯ ಮೇಲೆ ಈ ಎರಡು ಸಂಖ್ಯೆ ಅಕ್ಕಪಕ್ಕ ಬಂದಾಗ ಪೆನ್ನು ಕೆಳಗಿಟ್ಟು ಸುಮ್ಮನೆ ಕುಳಿತುಬಿಟ್ಟೆ. ಕಲ್ಲಿದ್ದಲಾಗಲಿ ಯುರೇನಿಯಂ ಆಗಲಿ, ಅಷ್ಟೇ ಶಕ್ತಿಗೆ ಅಷ್ಟೇ ರಾಶಿ. ವ್ಯತ್ಯಾಸ ಇರುವುದು ಪಾಲಿನಲ್ಲಿ. ಕೈಗಾದ ಒಂದು ಘಟಕದಲ್ಲಿ ದಿನಕ್ಕೆ ನಿಜವಾಗಿ ಒಡೆಯುವ ಪರಮಾಣುಗಳ ತೂಕ ಒಂದು ಕಿಲೋಗೂ ಕಡಿಮೆ, ಅದರಲ್ಲಿ ಸಾವಿರದಲ್ಲಿ ಒಂದು ಪಾಲು ರಾಶಿ ಹೋಗುತ್ತದೆ. ಕಾರ್ಬನ್ ಉರಿಯುವಾಗ ಹೋಗುವುದು ಸಾವಿರ ಕೋಟಿಯಲ್ಲಿ ಒಂದು ಪಾಲು.

'ಹೋಗುತ್ತದೆ' ಅಂದೆ, 'ನಾಶವಾಗುತ್ತದೆ' ಅನ್ನಲಿಲ್ಲ. ರಾಯಚೂರಿನಲ್ಲಿ ಒಂದು ಪರಮಾಣುವೂ ಕಳೆದುಹೋಗುವುದಿಲ್ಲ. ಕೈಗಾದಲ್ಲೂ ಪ್ರೋಟಾನು ನ್ಯೂಟ್ರಾನುಗಳ ಒಟ್ಟು ಸಂಖ್ಯೆ ಪರಮಾಣು ಒಡೆಯುವ ಮೊದಲು ಎಷ್ಟಿತ್ತೋ ಆಮೇಲೂ ಅಷ್ಟೇ. ಕಾರ್ಬನ್ನು, ಆಕ್ಸಿಜನ್ನು ದೂರ ದೂರ ಇದ್ದಾಗ ಒಟ್ಟು ಶಕ್ತಿ ಹೆಚ್ಚು, ಕೂಡಿಕೊಂಡ ಮೇಲೆ ಕಡಿಮೆ. ಆ ಶಕ್ತಿಗೇ ತೂಕವಿದೆ. ಶಾಖ ಹೊರಗೆ ಹೋದಾಗ ತನ್ನ ತೂಕವನ್ನು ತಾನೇ ಹೊತ್ತುಕೊಂಡು ಹೋಗುತ್ತದೆ. ಶಾಖವೂ ಬೆಳಕೂ ಹೊರಬೀಳದಂಥ ಪೆಟ್ಟಿಗೆ ಇದ್ದಿದ್ದರೆ ಒಳಗೆ ಕಲ್ಲಿದ್ದಲು ಉರಿದರೂ ಯುರೇನಿಯಂ ಒಡೆದರೂ ತಕ್ಕಡಿಯ ಮುಳ್ಳು ಅಲುಗುವುದಿಲ್ಲ.

ಲಾವೋಸಿಯೆಯ ಗಾಜು ಪರಮಾಣುಗಳನ್ನು ತಡೆದಿತ್ತು, ಶಾಖವನ್ನು ತಡೆದಿರಲಿಲ್ಲ. ಹಾಗಾದರೆ ಅವನಿಗೆ ವ್ಯತ್ಯಾಸ ಸಿಗಬೇಕಿತ್ತಲ್ಲ? ಬರ್ಲಿನ್ನಿನ ಹಾನ್ಸ್ ಲಾಂಡೋಲ್ಟ್ ಅನ್ನುವ ರಸಾಯನ ವಿಜ್ಞಾನಿಯ ಕಥೆ ಇಲ್ಲಿ ಹೇಳಲೇಬೇಕು. ಎರಡು ಕಾಲಿನ ಗಾಜಿನ ನಳಿಗೆಯಲ್ಲಿ ಎರಡು ದ್ರಾವಣ ಬೇರೆ ಬೇರೆ ಹಾಕಿ, ಬೆಸೆದು ಮುಚ್ಚಿ, ತೂಗಿ, ಓರೆ ಮಾಡಿ ಕ್ರಿಯೆ ನಡೆಸಿ, ಮತ್ತೆ ತೂಗುವುದು. 1893ರ ಹೊತ್ತಿನ ಪ್ರಯೋಗಗಳಲ್ಲಿ ಚೂರು ತೂಕ ಕಡಿಮೆಯಾದಂತೆ ಕಂಡಿತು. ಅವನು ಅದನ್ನು ನಂಬಿ ಹೆಸರು ಮಾಡಲು ಹೊರಡಲಿಲ್ಲ. ಬಿಸಿಗೆ ಗಾಜು ಹಿಗ್ಗುವುದು, ಗಾಜಿನ ಮೈಮೇಲಿನ ತೇವ ಆರುವುದು, ಇವನ್ನೆಲ್ಲ ಒಂದೊಂದಾಗಿ ಬೆನ್ನುಹತ್ತಿದ. 1908ರಲ್ಲಿ ಕೊನೆಯ ಮಾತು ಹೇಳಿದ: ಬದಲಾವಣೆ ಇದ್ದರೂ ಕೋಟಿಯಲ್ಲಿ ಒಂದು ಪಾಲಿಗಿಂತ ಹೆಚ್ಚಿಲ್ಲ. ಇದ್ದಿಲು ಉರಿಯುವಂಥ ಜೋರಾದ ಕ್ರಿಯೆಗೇ ಇನ್ನೂ ಸಾವಿರ ಪಟ್ಟು ಸೂಕ್ಷ್ಮದ ತಕ್ಕಡಿ ಬೇಕಿತ್ತು. ಅವನ ನಳಿಗೆಯಲ್ಲಿ ನಡೆದದ್ದು ಅದಕ್ಕಿಂತ ತಣ್ಣಗಿನ ಕ್ರಿಯೆಗಳು.

ಅಂಥ ತಕ್ಕಡಿ ಈಗ ಇದೆ. 2020ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ರೀನಿಯಂ ಲೋಹದ ಒಂದು ಅಯಾನನ್ನು (ಕೆಲವು ಎಲೆಕ್ಟ್ರಾನು ಕಳೆದುಕೊಂಡ ಪರಮಾಣುವನ್ನು) ಕಾಂತಕ್ಷೇತ್ರದಲ್ಲಿ ಹಿಡಿದಿಟ್ಟು ತೂಗಿದರು. ಅದರ ಎಲೆಕ್ಟ್ರಾನುಗಳು ಉದ್ರೇಕಗೊಂಡ, ಅಂದರೆ ಹೆಚ್ಚು ಶಕ್ತಿಯ, ಸ್ಥಿತಿಯಲ್ಲಿದ್ದಾಗ ಅಯಾನಿನ ತೂಕ ನೂರು ಕೋಟಿಯಲ್ಲಿ ಒಂದು ಪಾಲಿನಷ್ಟು ಹೆಚ್ಚಿತ್ತು. ನ್ಯೂಕ್ಲಿಯಸ್ಸಿನ ತಂಟೆಗೇ ಹೋಗದೆ, ಬರೀ ಎಲೆಕ್ಟ್ರಾನುಗಳ ಶಕ್ತಿಯನ್ನು ತೂಗಿದ್ದು. ರಾಸಾಯನಿಕ ಬಂಧಗಳಲ್ಲಿ ಅದಲುಬದಲಾಗುವುದೂ ಎಲೆಕ್ಟ್ರಾನುಗಳ ಶಕ್ತಿಯೇ ತಾನೆ?

ಮಕ್ಕಳಿಗೆ ಇಷ್ಟೆಲ್ಲ ಯಾಕೆ, ಪರೀಕ್ಷೆಗೆ ಬರುವುದಿಲ್ಲವಲ್ಲ ಅಂತ ಕೇಳುವವರಿದ್ದೀರಿ. ಬರುವುದಿಲ್ಲ, ನಿಜ. ಸಮೀಕರಣ ಸರಿದೂಗಿಸುವುದಕ್ಕೆ ಪರಮಾಣುಗಳ ಎಣಿಕೆ ಸಾಕು. ಆದರೆ ಕೇಳಿದ ಮಗುವಿಗೆ 'ಆ ನಿಯಮ ಅಲ್ಲಿಗೆ, ಈ ನಿಯಮ ಇಲ್ಲಿಗೆ' ಅಂದುಬಿಟ್ಟರೆ, ಪ್ರಕೃತಿ ಜಾಗಕ್ಕೊಂದು ಕಾನೂನು ಇಟ್ಟುಕೊಂಡಿದೆ ಅಂತ ಕಲಿಸಿದಂತಾಗುತ್ತದೆ. ಅದು ನನಗೆ ಒಪ್ಪಿಗೆಯಿಲ್ಲ.

ಮರುದಿನ ಕ್ಲಾಸಿನಲ್ಲಿ, ನಿನ್ನೆ ಹೇಳಿದ್ದು ತಪ್ಪು ಅಂತ ಮೊದಲು ಹೇಳಿ, ಬೋರ್ಡಿನ ಮೇಲೆ ರಾಯಚೂರು ಮತ್ತು ಕೈಗಾದ ಲೆಕ್ಕ ಅಕ್ಕಪಕ್ಕ ಬರೆದೆ. ಹುಡುಗಿ ಪೂರ್ತಿ ನೋಟ್ಸಿಗೆ ಇಳಿಸಿಕೊಂಡು ಕೈ ಎತ್ತಿದಳು.

"ಟೀಚರ್, ಆ ಅರ್ಧ ಗ್ರಾಂ ಮೊದ್ಲು ಎಲ್ಲಿಂದ ಬಂದಿತ್ರೀ?"

ಸೂರ್ಯನಿಂದ, ಅಂದೆ. ಬೆಳಕಾಗಿ ಸೆಕೆಂಡಿಗೆ ಸುಮಾರು 40 ಲಕ್ಷ ಟನ್ ಕಳೆದುಕೊಳ್ಳುತ್ತಾನೆ ಅವನು. ಸಿಂಗರೇಣಿಯ ಕಲ್ಲಿದ್ದಲಾದ ಗಿಡಗಳು 25 ಕೋಟಿ ವರ್ಷಕ್ಕೂ ಹಿಂದೆ ಆ ಬೆಳಕಿನಿಂದಲೇ ಕಾರ್ಬನ್ನನ್ನು ಆಕ್ಸಿಜನ್ನಿನಿಂದ ಬಿಡಿಸಿ ಇಟ್ಟಿದ್ದವು.