ಕುರಿ ಇಲ್ಲದ ಗುಡ್ಡ

2003ರಲ್ಲಿ ದಾವಣಗೆರೆಯಲ್ಲಿ ಕಂಪ್ಯೂಟರ್ ಕ್ಲಾಸಿಗೆ ಸೇರಿದಾಗ ನಾನು ಕಲಿತದ್ದು ಕಡಿಮೆ, ಗುಡ್ಡ ನೋಡಿದ್ದೇ ಜಾಸ್ತಿ. ಹತ್ತು ಕಂಪ್ಯೂಟರ್, ಹತ್ತರ ಪರದೆಯಲ್ಲೂ ಅದೇ ಗುಡ್ಡದ ಚಿತ್ರ. ಮೈತುಂಬ ಹಸಿರು, ಮೇಲೆ ನೀಲಿ ಆಕಾಶ, ಹಿಂಜಿದ ಅರಳೆಯಂಥ ಮೋಡ. ವಿಂಡೋಸ್ ಎಕ್ಸ್‌ಪಿ ಕಂಡವರಿಗೆಲ್ಲ ಅದು ಗೊತ್ತು.

ಸಾರ್ ಟೀ ಕುಡಿಯಲು ಹೋದರೆ ಸಾಕು, ನಮ್ಮ ಜಗಳ ಶುರು. ಅದು ಫೋಟೋನಾ, ಕಂಪ್ಯೂಟರಿನಲ್ಲಿ ಬಿಡಿಸಿದ್ದಾ?

"ಒಂದು ಮರ ಇಲ್ಲ, ಕರೆಂಟ್ ಕಂಬ ಇಲ್ಲ. ಇಂಥ ಗುಡ್ಡ ಎಲ್ಲೈತಲೇ?" ಎಂದು ಜಗಳೂರಿನ ಗೆಳೆಯ. ಅಷ್ಟು ಹುಲ್ಲಿರುವ ಕಡೆ ಒಂದೂ ಕುರಿ ಇಲ್ಲ ಅನ್ನುವುದನ್ನು ನಂಬಲು ಅವನು ತಯಾರೇ ಇರಲಿಲ್ಲ.

ಕೊಪ್ಪದ ಕಡೆಯ ಹುಡುಗಿಗೆ ನಗು. "ಕುದುರೆಮುಖಕ್ಕೆ ಬಾ ಮಾರಾಯ, ಸಾಲಿಗೆ ಇಂಥವೇ ಇದಾವೆ." ನಿಜವೇ. ಅಲ್ಲಿ ಶೋಲಾ ಕಾಡು ಕಣಿವೆಯಲ್ಲಿ ಅಡಗಿಕೊಂಡು, ಮೇಲೆ ಬರೀ ಹುಲ್ಲು. ಆದರೆ ಅವಳೂ ಸ್ವಲ್ಪ ಹೊತ್ತು ನೋಡಿ ಹೇಳಿದಳು: "ಆಕಾಶ ಮಾತ್ರ ಸರಿ ಇಲ್ಲ." ಮಳೆಗಾಲದಲ್ಲಿ ಗುಡ್ಡ ಹಸಿರಾದರೆ ಆಕಾಶ ಬೂದಿ. ಆಕಾಶ ಇಷ್ಟು ನೀಲಿಯಾಗುವ ಹೊತ್ತಿಗೆ ಹುಲ್ಲು ಹಳದಿಗೆ ತಿರುಗಿರುತ್ತದೆ. ಎರಡೂ ಒಟ್ಟಿಗೆ ಸಿಗುವುದು ಅಪರೂಪ. ಹಾಗಾಗಿ ಅವಳೂ ಸುಳ್ಳಿನ ಪಕ್ಷ ಸೇರಿದಳು. ನನಗೆ ಅಭಿಪ್ರಾಯ ಇರಲಿಲ್ಲ, ಬಹುಮತ ಇದ್ದ ಕಡೆ ಹೋದೆ.

ನಾವೆಲ್ಲ ಸೋತದ್ದು ಗೊತ್ತಾಗಲು ಬಹಳ ವರ್ಷ ಹಿಡಿಯಿತು. ಅದು ಅಪ್ಪಟ ಫೋಟೋ. 1996ರ ಜನವರಿಯಲ್ಲಿ ಚಾರ್ಲ್ಸ್ ಓರಿಯರ್ ಎಂಬ ಫೋಟೋಗ್ರಾಫರ್ ಕ್ಯಾಲಿಫೋರ್ನಿಯಾದ ಸೊನೋಮಾದಲ್ಲಿ ಹೋಗುವಾಗ ರಸ್ತೆ ಪಕ್ಕ ಕಾರು ನಿಲ್ಲಿಸಿ ತೆಗೆದದ್ದು. ಅಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ. ಮಳೆ ಹೋದ ಮಾರನೆಯ ಬಿಸಿಲಿಗೆ ಹಸಿರೂ ನೀಲಿಯೂ ಒಟ್ಟಿಗೆ ಸಿಗುತ್ತವೆ. ಕೊಪ್ಪದವಳ ಲೆಕ್ಕ ಸರಿಯಾಗಿಯೇ ಇತ್ತು, ಊರು ಬೇರೆ ಅಷ್ಟೇ. ಕ್ಯಾಮೆರಾದಲ್ಲಿದ್ದ ವೆಲ್ವಿಯಾ ಫಿಲ್ಮಿಗೂ ಬಣ್ಣವನ್ನು ಒಂದು ಹಿಡಿ ಜಾಸ್ತಿ ಹಾಕುವ ಚಾಳಿ.

ಕುರಿ ಯಾಕಿಲ್ಲ ಅನ್ನುವುದಕ್ಕೂ ಉತ್ತರ ಸಿಕ್ಕಿತು. ಅದು ದ್ರಾಕ್ಷಿ ತೋಟದ ಸೀಮೆ. ಫಿಲಾಕ್ಸೆರಾ ಎಂಬ ಪುಟಾಣಿ ಕೀಟ ಬೇರು ಹಾಳು ಮಾಡಿತ್ತು, ಬಳ್ಳಿ ಕಿತ್ತು ಹಾಕಿದ್ದರು. ಖಾಲಿ ಬಿದ್ದ ನೆಲದಲ್ಲಿ ಹುಲ್ಲು ಎದ್ದಿತ್ತು. ಆಮೇಲೆ ಮತ್ತೆ ದ್ರಾಕ್ಷಿ ನೆಟ್ಟರು. ಹುಳ ಕೊಟ್ಟ ಗುಡ್ಡ ಅದು, ಪಾಪ.

ಹೋದ ಅಕ್ಟೋಬರಿನಲ್ಲಿ ಮುಳ್ಳಯ್ಯನಗಿರಿಗೆ ಹೋಗಿದ್ದೆ. ಒಂದು ಗಂಟೆ ಮಳೆ ಬಿಟ್ಟು, ಆ ಅಪರೂಪದ ಆಕಾಶ ಸಿಕ್ಕೇಬಿಟ್ಟಿತು. ಓಡಿಹೋಗಿ ಫೋಟೋ ತೆಗೆದು ಜಗಳೂರಿನವನಿಗೆ ಕಳಿಸಿದೆ.

"ಎಐ ಅಲ್ವಾ?" ಎಂದು ಉತ್ತರ ಬಂತು.

ರೋಷ ಬಂತು. ಸ್ವಲ್ಪ ಕೆಳಗಿಳಿದು, ಬೇಕಂತಲೇ ಕರೆಂಟ್ ಕಂಬ ಸೇರಿಸಿ, ತಂತಿಯೂ ಕಾಣುವ ಹಾಗೆ ಇನ್ನೊಂದು ತೆಗೆದೆ. ಕಳಿಸಿದೆ.

"ಕಂಬ ಸಖತ್ತಾಗಿ ಬಂದೈತೆ," ಎಂದ. "ಯಾವ ಆ್ಯಪು?"