‘ಸರಿಹೋಯಿತು’ ಎಂಬ ಮಾತಿನ ಮೇಲೆ ನನಗಿರುವ ಸಿಟ್ಟು

ಬೆಳಗಿನ ಜಾವ ನಾಲ್ಕೂವರೆಗೆ ಸೀಸದ ಏಪ್ರನ್ ಬಿಚ್ಚಿ ಗೂಟಕ್ಕೆ ನೇತುಹಾಕಿ ಬಂದವನು ಇನ್ನೂ ಮಲಗಿಲ್ಲ. ರಾತ್ರಿ ಕೆಲಸದ ಆಯಾಸವೇನೂ ಹೊಸದಲ್ಲ, ಅದಕ್ಕೆ ಮೈ ಒಗ್ಗಿ ಎಷ್ಟೋ ಕಾಲವಾಯಿತು. ನಿದ್ದೆ ಕೆಡಿಸಿದ್ದು ಒಂದು ಮಾತು. ರಕ್ತನಾಳದೊಳಗೆ ತಂತಿ ತೂರಿಸಿ ಚಿಕಿತ್ಸೆ ಮಾಡುವ ಕ್ಯಾಥ್‌ಲ್ಯಾಬ್ ಬಾಗಿಲಲ್ಲಿ ನಿಂತು ಒಪ್ಪಿಗೆ ಪತ್ರಕ್ಕೆ ಸಹಿ ಹಾಕುತ್ತಾ ರೋಗಿಯ ಮಗ ಹೇಳಿದ: ‘ಮೂರು ದಿನದ ಹಿಂದೆ ಒಂದು ಸಲ ಅಪ್ಪನಿಗೆ ಕಣ್ಣು ಕತ್ತಲೆ ಬಂದಿತ್ತು ಸಾರ್. ಐದು ನಿಮಿಷಕ್ಕೆ ಸರಿಹೋಯಿತು.’

ಸರಿಹೋಯಿತಂತೆ.

ನಾನು ಡಾಕ್ಟರ್ ಅಲ್ಲ. ಮೇಜು ಸರಿಸುವುದು, ಎಕ್ಸ್‌ರೇ ಕೋನ ತಿರುಗಿಸುವುದು, ಕೇಳಿದ ಕ್ಯಾತಿಟರಿನ (ನಾಳದೊಳಗೆ ತೂರಿಸುವ ಸಣ್ಣ ಕೊಳವೆ) ಪೊಟ್ಟಣ ಹರಿದು ಕೊಡುವುದು ನನ್ನ ಕೆಲಸ. ಆದರೂ ಇಷ್ಟು ವರ್ಷ ಅದೇ ಪರದೆಯ ಮುಂದೆ ನಿಂತವನಿಗೆ ಕೆಲವು ಸಂಗತಿಗಳು ತಾವಾಗಿಯೇ ಅರ್ಥವಾಗುತ್ತವೆ. ಮಗನನ್ನು ಕೇಳಿದೆ, ‘ಎರಡೂ ಕಣ್ಣಾ, ಒಂದೇ ಕಣ್ಣಾ?’ ಸ್ವಲ್ಪ ಯೋಚಿಸಿ, ‘ಎಡಗಣ್ಣು ಮಾತ್ರ. ಮೇಲಿನಿಂದ ಪರದೆ ಇಳಿಬಿಟ್ಟ ಹಾಗಾಯಿತು ಎಂದಿದ್ದರು’ ಎಂದ. ಮರುದಿನ ಬಲಗೈಯಿಂದ ಪೆನ್ನು ಜಾರಿ ಬಿದ್ದಿತ್ತಂತೆ. ಹತ್ತು ನಿಮಿಷದ ಮೇಲೆ ಅದೂ ಸರಿಹೋಯಿತಂತೆ. ನಿನ್ನೆ ರಾತ್ರಿ ಊಟಕ್ಕೆ ಕುಳಿತವರು ಮಾತು ನಿಂತು ಬಲಕ್ಕೆ ವಾಲಿದರು. ಪಾರ್ಶ್ವವಾಯು. ಅದು ಮಾತ್ರ ಸರಿಹೋಗಲಿಲ್ಲ, ಆದ್ದರಿಂದ ಕರೆತಂದರು.

ನಮ್ಮ ಭಾಷೆಯ ಮೇಲೂ ನನಗೊಂದು ದೂರಿದೆ. ತಲೆ ಸುತ್ತಿ ಬಿದ್ದರೂ ‘ಕಣ್ಣು ಕತ್ತಲೆ’, ಒಂದೇ ಕಣ್ಣು ಕೆಲವು ನಿಮಿಷ ಕುರುಡಾದರೂ ‘ಕಣ್ಣು ಕತ್ತಲೆ’. ಕೈ ಅಡಿಯಾಗಿ ಮಲಗಿ ಜುಮ್ಮೆಂದರೂ ‘ಜೋಮು’, ಕೈ ಇದ್ದಕ್ಕಿದ್ದಂತೆ ಸತ್ತುಬಿದ್ದರೂ ‘ಜೋಮು’. ಎರಡು ಜೋಡಿಯಲ್ಲೂ ಮೊದಲನೆಯದಕ್ಕೆ ನೀರು ಕುಡಿದು ಕುಳಿತರೆ ಸಾಕಾಗಬಹುದು. ಎರಡನೆಯದಕ್ಕೆ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೊರಡಬೇಕು. ಹೇಳುವವರ ಬಾಯಲ್ಲಿ ಎರಡಕ್ಕೂ ಒಂದೇ ಮಾತು, ಕೇಳುವವರು ಎಂದಿನಂತೆ ಹಗುರವಾದ ಅರ್ಥವನ್ನೇ ಆರಿಸಿಕೊಳ್ಳುತ್ತಾರೆ.

ಎಡಗಣ್ಣು, ಬಲಗೈ. ಈ ಜೋಡಿ ಕೇಳಿದರೆ ನಮ್ಮ ಲ್ಯಾಬಿನಲ್ಲಿ ಎಲ್ಲರೂ ಒಂದು ಗಳಿಗೆ ಸುಮ್ಮನಾಗುತ್ತೇವೆ. ಕತ್ತಿನ ಎರಡೂ ಬದಿಯಲ್ಲಿ ಮೇಲೇರುವ ಕ್ಯಾರೊಟಿಡ್ ರಕ್ತನಾಳ ದವಡೆಯ ಕೆಳಗೆ ಕವಲೊಡೆಯುತ್ತದೆ. ಒಂದು ಕವಲು ಮುಖಕ್ಕೆ, ಇನ್ನೊಂದು ಮಿದುಳಿಗೆ. ಮಿದುಳಿಗೆ ಹೋಗುವ ಕವಲು ತಲೆಬುರುಡೆಯೊಳಗೆ ಕೊಡುವ ಮೊದಲ ಮುಖ್ಯ ಶಾಖೆ ಅದೇ ಬದಿಯ ಕಣ್ಣಿನದು. ಆದರೆ ಮಿದುಳಿನ ಎಡಭಾಗ ಆಳುವುದು ಬಲಗೈಯನ್ನು. ಹಾಗಾಗಿ ಎಡಗತ್ತಿನ ನಾಳ ಕೆಟ್ಟರೆ ಎಡಗಣ್ಣು, ಬಲಗೈ, ಜೊತೆಗೆ ಬಹುಪಾಲು ಜನರಲ್ಲಿ ಮಾತು. ಕವಲಿನಲ್ಲಿ ಕಟ್ಟಿಕೊಂಡ ಕೊಬ್ಬಿನ ಗಡ್ಡೆ ಬಿರಿಯುತ್ತದೆ, ಅದರ ಮೇಲೆ ರಕ್ತ ಹೆಪ್ಪುಗಟ್ಟುತ್ತದೆ, ಅದರಿಂದ ಒಂದು ಚೂರು ಹಾರಿ ಕಣ್ಣಿನ ನಾಳಕ್ಕೆ ಬಡಿಯುತ್ತದೆ. ಚೂರು ಪುಡಿಯಾಗಿ ಮುಂದೆ ಸರಿದರೆ ಕಣ್ಣು ಕಾಣುತ್ತದೆ, ಮನೆಯವರು ‘ಸರಿಹೋಯಿತು’ ಎನ್ನುತ್ತಾರೆ. ಸರಿಹೋದದ್ದು ಕಣ್ಣು. ಚೂರು ಉದುರಿಸಿದ ಕತ್ತು ಹಾಗೆಯೇ ಇದೆ, ಮುಂದಿನ ಚೂರನ್ನು ಸಿದ್ಧಪಡಿಸುತ್ತಿದೆ.

ಇದೇನು ನಿನ್ನೆ ಮೊನ್ನೆ ಕಂಡುಹಿಡಿದ ಸಂಗತಿಯಲ್ಲ. ಕೆನಡಾದ ನರರೋಗ ತಜ್ಞ ಮಿಲ್ಲರ್ ಫಿಶರ್ 1951ರಲ್ಲೇ ಕತ್ತಿನ ನಾಳಕ್ಕೂ ಪಾರ್ಶ್ವವಾಯುವಿಗೂ ಇರುವ ನಂಟನ್ನು ಬರೆದಿಟ್ಟರು. ಅವರು ಮಾಡಿದ ದೊಡ್ಡ ಕೆಲಸವೆಂದರೆ, ಹಿಂದೊಮ್ಮೆ ಒಂದು ಕಣ್ಣು ಮಂಕಾಗಿತ್ತು ಎಂಬ ರೋಗಿಗಳ ಮಾತನ್ನು ಕಿವಿಗೆ ಹಾಕಿಕೊಂಡದ್ದು. 1954ರಲ್ಲಿ ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ, ಇಂಥ ಬಂದುಹೋಗುವ ಆಘಾತಗಳಿಂದ ಮತ್ತೆ ಮತ್ತೆ ನರಳುತ್ತಿದ್ದ ಒಬ್ಬ ಮಹಿಳೆಯ ಕತ್ತಿನ ನಾಳದ ಕೆಟ್ಟ ಭಾಗವನ್ನು ಕತ್ತರಿಸಿ ಜೋಡಿಸಿದರು. ಎಪ್ಪತ್ತು ವರ್ಷ ದಾಟಿತು. ನಾವಿನ್ನೂ ‘ಗ್ಯಾಸ್ ಇರಬೇಕು’ ಎನ್ನುತ್ತಿದ್ದೇವೆ. ಹೌದು, ನಿನ್ನೆಯ ಹಿರಿಯರನ್ನು ಮೂರು ದಿನದ ಹಿಂದೆ ನೋಡಿದ ವೈದ್ಯರೊಬ್ಬರು ಕೊಟ್ಟದ್ದು ಗ್ಯಾಸಿನ ಮಾತ್ರೆ.

ರಾತ್ರಿ ಏನಾಯಿತು ಎಂದು ಹೇಳುತ್ತೇನೆ, ಏಕೆಂದರೆ ‘ಈಗ ಹೆಪ್ಪನ್ನೇ ಹೊರಗೆಳೆಯುತ್ತಾರಂತಲ್ಲ, ಇನ್ನೇನು ಭಯ’ ಎಂಬ ವಿಡಿಯೋಗಳನ್ನು ನನಗೇ ಕಳುಹಿಸುವವರು ನಿಮ್ಮಲ್ಲಿದ್ದೀರಿ. ತೊಡೆಸಂದಿನ ನಾಳದಿಂದ ತಂತಿ ತೂರಿಸಿ ಕತ್ತಿನವರೆಗೆ ಹೋಗಿ, ಎಕ್ಸ್‌ರೇಯಲ್ಲಿ ನಾಳ ಕಾಣಿಸುವ ಡೈ ಬಿಟ್ಟಾಗ ಮುಖದ ಕವಲು ಪರದೆಯಲ್ಲಿ ಕಪ್ಪಗೆ, ಚೆಂದವಾಗಿ ಹರಡಿಕೊಂಡಿತು. ಮಿದುಳಿನ ಕವಲು ಇರಬೇಕಾದ ಜಾಗದಲ್ಲಿ ದೀಪದ ಕುಡಿಯಂಥ ಒಂದು ಮೊನೆ, ಅದರ ಮುಂದೆ ಬಯಲು. ಕತ್ತಿನಲ್ಲಿ ಒಂದು ತಡೆ, ಅದರಾಚೆ ತಲೆಯೊಳಗೆ ಇನ್ನೊಂದು. ಇದನ್ನು ಟ್ಯಾಂಡಮ್ ಎನ್ನುತ್ತಾರೆ. ದೊಡ್ಡ ನಾಳ ಮುಚ್ಚಿ ಆಗುವ ಪಾರ್ಶ್ವವಾಯುಗಳಲ್ಲಿ ಸುಮಾರು ಶೇ. 10ರಿಂದ 20ರಷ್ಟು ಇಂಥವು.

ಇಲ್ಲಿ ವೈದ್ಯರ ಪಾಡು ನೋಡಬೇಕು. ಮೊದಲು ಕತ್ತೋ, ಮೊದಲು ತಲೆಯೋ? ಕತ್ತನ್ನು ಬಿಡಿಸುತ್ತಾ ಕುಳಿತರೆ ಅಷ್ಟು ಹೊತ್ತು ಮಿದುಳು ಸಾಯುತ್ತದೆ. ದೊಡ್ಡ ನಾಳ ಮುಚ್ಚಿದರೆ ನಿಮಿಷಕ್ಕೆ ಸರಾಸರಿ 19 ಲಕ್ಷ ನರಕೋಶಗಳು ಸಾಯುತ್ತವೆಂಬುದು ಈ ಕ್ಷೇತ್ರದಲ್ಲಿ ಎಲ್ಲರ ಬಾಯಲ್ಲಿರುವ ಲೆಕ್ಕ. ಕತ್ತನ್ನು ಹಾಗೇ ಬಿಟ್ಟು ತಲೆಯ ಹೆಪ್ಪನ್ನು ಮಾತ್ರ ತೆಗೆದರೆ, ಕತ್ತು ಮತ್ತೆ ಮುಚ್ಚಿಕೊಳ್ಳಬಹುದು ಅಥವಾ ಹೊಸ ಚೂರು ಕಳುಹಿಸಬಹುದು. ಕತ್ತಿಗೆ ಸ್ಟೆಂಟ್, ಅಂದರೆ ನಾಳವನ್ನು ತೆರೆದಿಡುವ ಜಾಲರಿ ಕೊಳವೆ, ಹಾಕಿದರೆ, ಅದರೊಳಗೆ ರಕ್ತ ಹೆಪ್ಪುಗಟ್ಟದಂತೆ ರಕ್ತ ತೆಳುವಾಗಿಸುವ ಔಷಧ ಕೊಡಲೇಬೇಕು. ಕೊಟ್ಟರೆ ಈಗಷ್ಟೇ ಪೆಟ್ಟು ತಿಂದ ಮಿದುಳಿನಲ್ಲಿ ರಕ್ತಸ್ರಾವವಾಗುವ ಭಯ. ಅತ್ತ ದರಿ, ಇತ್ತ ಪುಲಿ. ಪ್ರಪಂಚದ ದೊಡ್ಡ ದೊಡ್ಡ ಕೇಂದ್ರಗಳಲ್ಲೂ ಈ ವಿಷಯದಲ್ಲಿ ಪೂರ್ತಿ ಒಮ್ಮತವಿಲ್ಲ. ಮೇಜಿನ ಮೇಲಿರುವ ರೋಗಿಯನ್ನು ನೋಡಿ, ಆ ಕ್ಷಣದಲ್ಲಿ, ಬೆವರುತ್ತಾ ತೀರ್ಮಾನಿಸಬೇಕು.

ನಮ್ಮವರು ಕತ್ತಿನ ಸಂದಿಯಲ್ಲೇ ಹೇಗೋ ದಾರಿ ಮಾಡಿಕೊಂಡು ಮೊದಲು ತಲೆಗೆ ಹೋದರು. ಎರಡನೆಯ ಎಳೆತಕ್ಕೆ ಹೆಪ್ಪು ಬಂತು. ಗಾಜ್ ಬಟ್ಟೆಯ ಮೇಲೆ ಇಟ್ಟಾಗ ಕಿರುಬೆರಳಿನ ಉಗುರಿಗಿಂತ ಚಿಕ್ಕದು. ಒಬ್ಬ ಮನುಷ್ಯನ ಮಾತು, ನಡಿಗೆ, ಸಹಿ ಎಲ್ಲವೂ ಆ ಕೆಂಗಪ್ಪು ಚೂರಿನ ಹಿಂದೆ ನಿಂತಿದ್ದವು. ಆಮೇಲೆ ವಾಪಸು ಕತ್ತಿಗೆ. ಕವಲಿನಲ್ಲಿ ಬಲೂನ್ ಉಬ್ಬಿಸಿದಾಗ ಆಗುವುದನ್ನು ಎಷ್ಟು ಸಲ ನೋಡಿದರೂ ನನಗೆ ರೂಢಿಯಾಗಿಲ್ಲ. ರಕ್ತದ ಒತ್ತಡವನ್ನು ಅಳೆಯುವ ನರಗಳು ಅಲ್ಲೇ ಇವೆ. ಬಲೂನ್ ಒತ್ತಿದರೆ ಒತ್ತಡ ವಿಪರೀತ ಏರಿತೆಂದು ತಿಳಿದು ಅವು ಹೃದಯಕ್ಕೆ ನಿಧಾನಿಸಲು ಹೇಳುತ್ತವೆ. ಟಕ್, ಟಕ್, ಟಕ್ ಎನ್ನುತ್ತಿದ್ದ ಮಾನಿಟರ್ ಟಕ್… ಎಂದು ನಿಂತಂತಾಯಿತು. ನಿಮಿಷಕ್ಕೆ 82 ಇದ್ದ ಹೃದಯ ಬಡಿತ 36ಕ್ಕೆ ಇಳಿಯಿತು. ಅರಿವಳಿಕೆಯ ಮೇಡಂ ಕೈಯಲ್ಲಿ ಬಡಿತ ಏರಿಸುವ ಅಟ್ರೊಪಿನ್ ಔಷಧದ ಸಿರಿಂಜ್ ಮೊದಲೇ ಸಿದ್ಧವಿತ್ತು. ಬಲೂನ್ ಇಳಿಸಿ ಅದು ಮತ್ತೆ 70 ದಾಟುವವರೆಗೆ ಯಾರೂ ಮಾತಾಡಲಿಲ್ಲ. ಆಮೇಲೆ ಸ್ಟೆಂಟ್. ಮಿದುಳಿನ ಕವಲು ಮರದಂತೆ ತುಂಬಿಕೊಂಡಿತು. ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಆ ಕ್ಷಣದ ಖುಷಿಗಾಗಿಯೇ ಈ ಕೆಲಸದಲ್ಲಿ ಉಳಿದಿದ್ದೇನೆ.

ಆದರೆ ಆ ಖುಷಿಯ ಲೆಕ್ಕವನ್ನೂ ಕೇಳಿ. 2015ರಲ್ಲಿ ಒಂದರ ಹಿಂದೊಂದು ಐದು ಅಧ್ಯಯನಗಳು ಪ್ರಕಟವಾಗಿ, ಹೆಪ್ಪು ಎಳೆದು ತೆಗೆಯುವ ಚಿಕಿತ್ಸೆ ಎಲ್ಲೆಡೆ ಗಟ್ಟಿಯಾಗಿ ನೆಲೆಯೂರಿತು. ಅವನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ, ಮೂರು ತಿಂಗಳ ನಂತರ ಬೇರೆಯವರ ನೆರವಿಲ್ಲದೆ ಬದುಕಬಲ್ಲವರು ಔಷಧ ಚಿಕಿತ್ಸೆಯಲ್ಲಿ 100ಕ್ಕೆ ಸುಮಾರು 26, ಹೆಪ್ಪು ತೆಗೆದಾಗ 46. ಇದು ಅಪಾರ ಲಾಭ, ವೈದ್ಯಕೀಯದಲ್ಲಿ ಇಂಥ ಜಿಗಿತ ಅಪರೂಪ. ಆದರೆ ಉಳಿದ 54 ಮಂದಿಯ ವಿಡಿಯೋ ಯಾರೂ ಕಳುಹಿಸುವುದಿಲ್ಲ.

ಇದರ ಪಕ್ಕದಲ್ಲಿ ಇನ್ನೊಂದು ಲೆಕ್ಕ ಇಡುತ್ತೇನೆ. ಲಕ್ಷಣ ಕಾಣಿಸಿಕೊಂಡು, ಕತ್ತಿನ ನಾಳ ಶೇ. 70ಕ್ಕಿಂತ ಹೆಚ್ಚು ಕಿರಿದಾಗಿದ್ದವರ ಬಗ್ಗೆ ಉತ್ತರ ಅಮೆರಿಕದ ಅಧ್ಯಯನವೊಂದು 1991ರಲ್ಲಿ ಹೇಳಿದ್ದು: ಬರೀ ಮಾತ್ರೆಯಲ್ಲಿದ್ದವರಲ್ಲಿ ಎರಡು ವರ್ಷದೊಳಗೆ ಅದೇ ಬದಿಯ ಪಾರ್ಶ್ವವಾಯು ಶೇ. 26, ಕತ್ತಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ಶೇ. 9. ಈ ಶಸ್ತ್ರಚಿಕಿತ್ಸೆಯನ್ನು ಎರಡು ವಾರದೊಳಗೆ ಮಾಡಿದರೆ ಲಾಭ ಹೆಚ್ಚೆಂದು ಆಮೇಲೆ ಗೊತ್ತಾಯಿತು. ಆಕ್ಸ್‌ಫರ್ಡಿನವರು 2007ರಲ್ಲಿ ತೋರಿಸಿದ್ದು ಇನ್ನೂ ಸರಳ. ಬಂದುಹೋದ ಆಘಾತಕ್ಕೂ ಚಿಕ್ಕ ಪಾರ್ಶ್ವವಾಯುವಿಗೂ ಕಾಯಿಸದೆ ತಪಾಸಣೆ ಮಾಡಿ ಔಷಧ ಶುರುಮಾಡಿದರೆ, ಮುಂದಿನ 90 ದಿನಗಳಲ್ಲಿ ಪಾರ್ಶ್ವವಾಯು ಮರುಕಳಿಸುವ ಅಪಾಯ ಶೇ. 80ರಷ್ಟು ತಗ್ಗುತ್ತದೆ. ಆ ತಪಾಸಣೆಯಲ್ಲಿ ಕತ್ತಿನ ಪಾಲೆಂದರೆ ಒಂದು ಡಾಪ್ಲರ್. ಜೆಲ್ ಸವರಿ ಕತ್ತಿನ ಮೇಲೆ ಆಡಿಸುವ ಸ್ಕ್ಯಾನ್. ತಂತಿಯಿಲ್ಲ, ಬಲೂನ್ ಇಲ್ಲ, 36ಕ್ಕೆ ಇಳಿಯುವ ಹೃದಯವಿಲ್ಲ.

ಗೊತ್ತು, ಈಗ ಯಾರಾದರೂ ಬಂದು ‘ಕೈ ಜೋಮು ಹಿಡಿದವರೆಲ್ಲ ಆಸ್ಪತ್ರೆಗೆ ಓಡಬೇಕೇ? ಎಲ್ಲರ ಕತ್ತನ್ನೂ ಸ್ಕ್ಯಾನ್ ಮಾಡಿಸಿ ಹೆದರಿಸುವ ವ್ಯಾಪಾರ ಇದು’ ಎಂದು ಬರೆಯುತ್ತಾರೆ. ಅರ್ಧ ಒಪ್ಪುತ್ತೇನೆ. ಏನೂ ಲಕ್ಷಣವಿಲ್ಲದ ಎಲ್ಲರ ಕತ್ತನ್ನೂ ಹುಡುಕುತ್ತಾ ಹೋಗಬೇಡಿ ಎಂದು ಮಾರ್ಗಸೂಚಿಗಳೇ ಹೇಳುತ್ತವೆ. ಆದರೆ ನಾನು ಹೇಳುತ್ತಿರುವುದು ಲಕ್ಷಣ ಬಂದವರ ವಿಷಯ. ಇದ್ದಕ್ಕಿದ್ದಂತೆ, ಒಂದೇ ಬದಿ, ಇದ್ದದ್ದು ಇಲ್ಲವಾಗುವುದು: ದೃಷ್ಟಿ, ಬಲ, ಮಾತು. ಇಷ್ಟನ್ನು ಗುರುತಿಸಲು ಯಾವ ಪದವಿಯೂ ಬೇಡ. ಇನ್ನು ಕೆಲವರು ‘24 ಗಂಟೆಯವರೆಗೂ ಹೆಪ್ಪು ತೆಗೆಯುತ್ತಾರಲ್ಲ’ ಎನ್ನುತ್ತಾರೆ. 2018ರ ಅಧ್ಯಯನಗಳ ನಂತರ ತೆಗೆಯುತ್ತಾರೆ ನಿಜ, ಸ್ಕ್ಯಾನಿನಲ್ಲಿ ಉಳಿಸಿಕೊಳ್ಳುವಷ್ಟು ಮಿದುಳು ಇನ್ನೂ ಉಳಿದಿದ್ದರೆ. ಉಳಿದಿಲ್ಲ ಎಂಬ ಕಾರಣಕ್ಕೆ ಬಾಗಿಲಿನಿಂದಲೇ ಮರಳಿದ ಗಾಲಿಮಂಚಗಳನ್ನು ನಾನು ನೋಡಿದ್ದೇನೆ.

ಇಷ್ಟೆಲ್ಲ ಎಗರಾಡುವ ನನ್ನ ಯೋಗ್ಯತೆಯನ್ನೂ ಹೇಳಿಬಿಡುತ್ತೇನೆ. ಹನ್ನೊಂದು ವರ್ಷದ ಹಿಂದೆ ಅಣ್ಣ ಫೋನ್ ಮಾಡಿ, ‘ಏನೋ, ಒಂದು ಗಳಿಗೆ ನಾಲಿಗೆ ತೊದಲಿತು, ಈಗ ಚೆನ್ನಾಗಿದ್ದೇನೆ’ ಎಂದಿದ್ದ. ನಾನು ಆಗಷ್ಟೇ ರಾತ್ರಿ ಡ್ಯೂಟಿ ಮುಗಿಸಿದ್ದೆ. ‘ನಿದ್ದೆ ಕಡಿಮೆಯಾಗಿರಬೇಕು, ಮಲಗಿ ಏಳು, ಸರಿಹೋಗುತ್ತದೆ’ ಎಂದೆ. ದಿನವೂ ಈ ಪರದೆಯ ಮುಂದೆ ನಿಲ್ಲುವವನು ನಾನು. ಎರಡನೆಯ ದಿನ ಅವನನ್ನು ಇದೇ ಥರದ ಮೇಜಿನ ಮೇಲೆ ನೋಡಿದೆ, ಬೇರೆ ಊರಿನಲ್ಲಿ, ಗಾಜಿನ ಆಚೆ ನಿಂತು. ಈಗ ಅವನು ನಡೆಯುತ್ತಾನೆ, ನಗುತ್ತಾನೆ. ಆದರೆ ನನ್ನ ಹೆಸರು ಹೇಳಬೇಕಾದಾಗ ಮಗಳ ಹೆಸರು ಬರುತ್ತದೆ, ತಪ್ಪಾಯಿತೆಂದು ತಿಳಿದು ಕಣ್ಣು ಮುಚ್ಚಿಕೊಂಡು ಹುಡುಕುತ್ತಾನೆ. ಆ ಹುಡುಕಾಟವನ್ನು ನೋಡುತ್ತಾ ಕೂರುವುದೇ ನನಗಾದ ಶಿಕ್ಷೆ. ಅವನು ಒಂದು ದಿನವೂ ಬೈದಿಲ್ಲ. ಬೈದಿದ್ದರೆ ವಾಸಿಯಿತ್ತು.

ಹೊರಡುವ ಮುನ್ನ ತೀವ್ರ ನಿಗಾ ಘಟಕಕ್ಕೆ ಹೋಗಿ ಇಣುಕಿದೆ. ಹಿರಿಯರು ಬಲಗೈಯನ್ನು ಮೊಣಕೈವರೆಗೆ ಎತ್ತಿದರು, ಮಾತು ಇನ್ನೂ ಬಂದಿರಲಿಲ್ಲ. ಮಗ ಓಡಿ ಬಂದು ನನ್ನ ಎರಡೂ ಕೈ ಹಿಡಿದುಕೊಂಡ. ‘ಸರಿಹೋಯಿತಲ್ಲ ಸಾರ್?’ ಎಂದ. ಹೂಂ ಎನ್ನಲಾಗಲಿಲ್ಲ, ಉಹೂಂ ಎನ್ನುವ ಮನಸ್ಸೂ ಬರಲಿಲ್ಲ. ಬಲಗತ್ತಿನ ನಾಳವೂ ಅರ್ಧ ಕಿರಿದಾಗಿದೆ ಎಂದು ವೈದ್ಯರು ಬರೆದಿದ್ದನ್ನು ಫೈಲಿನಲ್ಲಿ ತೋರಿಸಿದೆ. ಮಾತ್ರೆಗಳ ಹೆಸರು ಓದಿ ಹೇಳಿ, ಇವನ್ನು ಒಂದು ದಿನವೂ ತಪ್ಪಿಸಬೇಡ ಎಂದೆ. ಅವನು ಮೊಬೈಲಿನಲ್ಲಿ ಆ ಹಾಳೆಯ ಫೋಟೋ ತೆಗೆದುಕೊಂಡ. ಆಮೇಲೆ ಮೆಲ್ಲಗೆ ಕೇಳಿದ: ‘ಅಮ್ಮನಿಗೂ ಹೋದ ತಿಂಗಳು ಒಂದು ಸಲ ಹೀಗೇ ಕೈ ಜೋಮು ಹಿಡಿದಿತ್ತು ಸಾರ್…’

ಅವರನ್ನು ಇವತ್ತೇ ಕರೆತರುತ್ತಿದ್ದಾನೆ. ನಾನು ಮಲಗಲು ಹೋಗುತ್ತೇನೆ.