ಹೆಸರು ಮಾಡಿದ ಮೇಲೆ ಸೇವೆ ಎನ್ನುವವರಿಗೆ

ನಮ್ಮ ಗದಗ ಸೀಮೆಯಲ್ಲಿ ಅಂಗಡಿಯ ಗಲ್ಲಾಪೆಟ್ಟಿಗೆ ಮೇಲೆ, ಟಂಟಂ ಗಾಡಿಯ ಗಾಜಿನ ಮೇಲೆ, ದೇವರ ಜಗಲಿಯ ಮೇಲೆ ಅಂಧ ಸಂಗೀತಗಾರ ಪುಟ್ಟರಾಜ ಗವಾಯಿಗಳ ಫೋಟೊ ಕಾಣದ ದಿನವಿಲ್ಲ. ಎಲ್ಲ ಫೋಟೊಗಳಲ್ಲೂ ಅವರು ವಯಸ್ಸಾದವರು. ನಾವು ಕರೆಯುವುದೂ ಪುಟ್ಟಯ್ಯಜ್ಜ ಅಂತಲೇ. ಅವರ ಗುರು ಪಂಚಾಕ್ಷರಿ ಗವಾಯಿಗಳೂ ನಮಗೆ ಗದ್ದುಗೆಯ ಮೇಲಿನ ಮೂರ್ತಿಯಾಗಿಯೇ ಗೊತ್ತು. ಹೀಗಾಗಿ ಒಂದು ಸಂಗತಿ ನಮ್ಮ ತಲೆಗೆ ಬರುವುದೇ ಇಲ್ಲ. ಕೆಲಸ ಕೈಗೆ ಬಂದಾಗ ಇಬ್ಬರೂ ಹರೆಯದವರು. ಪಂಚಾಕ್ಷರಿಗಳು ಅಂಧ ಮಕ್ಕಳನ್ನು ಕೂಡಿಸಿಕೊಂಡು ಪಾಠ ಶುರು ಮಾಡಿದಾಗ ಇಪ್ಪತ್ತೆರಡರ ಆಸುಪಾಸು. ಗುರು ತೀರಿಕೊಂಡು ಗದಗಿನ ವೀರೇಶ್ವರ ಪುಣ್ಯಾಶ್ರಮದ ಭಾರ ಹೆಗಲಿಗೆ ಬಿದ್ದಾಗ ಪುಟ್ಟರಾಜರಿಗೆ ಮೂವತ್ತು.

ಇದನ್ನು ಈಗ ಬರೆಯಲು ಕಾರಣವಿದೆ. ಸಂಗೀತ ಕಲಿತ ಹುಡುಗ ಹುಡುಗಿಯರು "ಊರಿಗೆ ಏನಾದರೂ ಮಾಡಬೇಕು" ಎಂದಾಗಲೆಲ್ಲ ದೊಡ್ಡವರು ಒಂದೇ ಬುದ್ಧಿ ಹೇಳುತ್ತಾರೆ. ಮೊದಲು ಹೆಸರು ಮಾಡು, ನಾಲ್ಕು ಕಾಸು ಕೂಡಿಸು, ಟಿವಿಯಲ್ಲಿ ಬಾ, ಆಮೇಲೆ ಸಮಾಜಸೇವೆ. ಪ್ರೀತಿಯಿಂದಲೇ ಹೇಳುತ್ತಾರೆ, ನನಗೆ ಗೊತ್ತು. ಆದರೆ ಈ ಬುದ್ಧಿಮಾತು ತಪ್ಪು ಎಂದೇ ನನ್ನ ಅಭಿಪ್ರಾಯ. ನಮ್ಮ ನೆಲದಲ್ಲಿ ಸಂಗೀತದಿಂದ ನಡೆದ ಅತಿ ದೊಡ್ಡ ಸೇವೆ ಈ ಕ್ರಮದಲ್ಲಿ ನಡೆದದ್ದಲ್ಲ.

ಪಂಚಾಕ್ಷರಿಗಳ ಬಾಲ್ಯದ ಹೆಸರು ಗದಿಗೆಯ್ಯ. ಹುಟ್ಟಿದ್ದು 1892ರಲ್ಲಿ, ಹಾನಗಲ್ಲ ಸೀಮೆಯ ಕಾಡಶೆಟ್ಟಿಹಳ್ಳಿಯಲ್ಲಿ. ಅವರಿಗೂ ಕಣ್ಣಿಲ್ಲ, ಅಣ್ಣ ಗುರುಬಸಯ್ಯನಿಗೂ ಕಣ್ಣಿಲ್ಲ. ಬಡ ಜಂಗಮರ ಮನೆ. ಆ ಕಾಲದಲ್ಲಿ ಅಂಥ ಮಕ್ಕಳ ಮುಂದೆ ಇದ್ದ ದಾರಿ ಯಾವುದೆಂದು ಬಿಡಿಸಿ ಹೇಳಬೇಕಿಲ್ಲ. ಹಾನಗಲ್ಲ ಮಠದ ಕುಮಾರಸ್ವಾಮಿಗಳು ಆ ಇಬ್ಬರ ಹಾಡು ಕೇಳಿ, ತಂದೆ ತಾಯಿಯನ್ನು ಒಪ್ಪಿಸಿ, ಮಕ್ಕಳನ್ನು ತಮ್ಮೊಡನೆ ಕರೆದುಕೊಂಡು ಬಂದರು. ಅಣ್ಣ ಬೇಗ ತೀರಿಕೊಂಡ. ತಮ್ಮನನ್ನು ಸ್ವಾಮಿಗಳು ಕರ್ನಾಟಕ ಸಂಗೀತ ಕಲಿಯಲು ಮೈಸೂರಿಗೆ ಕಳಿಸಿದರು. ಹಿಂದುಸ್ತಾನಿ ಕಲಿಸಲು ನೀಲಕಂಠಬುವಾ ಮಿರಜಕರರನ್ನು ತಾವು ಕಟ್ಟಿದ ಶಿವಯೋಗಮಂದಿರಕ್ಕೇ ಕರೆಸಿದರು. ಮುಂದೆ ಕಿರಾಣಾ ಘರಾಣೆ ಎಂಬ ಗಾಯನ ಪರಂಪರೆಯ ಅಬ್ದುಲ್ ವಹೀದ್ ಖಾನರಿಂದಲೂ ಪಾಠವಾಯಿತು. ಮಠದ ಅನ್ನ ಉಂಡು ಬೆಳೆದ ಜಂಗಮರ ಹುಡುಗನಿಗೆ ಮುಸ್ಲಿಂ ಉಸ್ತಾದರು ರಾಗ ಕೊಟ್ಟರು. ಇವತ್ತಿನ ಗದ್ದಲದಲ್ಲಿ ಇದನ್ನು ನೆನೆದರೆ ನನಗೆ ಸಮಾಧಾನವಾಗುತ್ತದೆ.

ಎರಡೂ ಪದ್ಧತಿ ಕಲಿತ ಇಂಥ ಗವಾಯಿಗೆ ಆಗ ಸಂಸ್ಥಾನಗಳ ಬಾಗಿಲು ತೆರೆದೇ ಇರುತ್ತಿತ್ತು. ಅವರು ಹೋಗಲಿಲ್ಲ. 1914ರಲ್ಲಿ ರೋಣ ಸೀಮೆಯ ನಿಡಗುಂದಿಕೊಪ್ಪದಲ್ಲಿ ಅಂಧ, ಅನಾಥ ಮಕ್ಕಳನ್ನು ಕೂಡಿಸಿಕೊಂಡು ಕಲಿಸಲು ಕುಳಿತರು. ಒಂದೇ ಊರಲ್ಲಿ ನೆಲೆ ನಿಲ್ಲುವುದೂ ಆಗಲಿಲ್ಲ. ಮಕ್ಕಳ ದಂಡು ಕಟ್ಟಿಕೊಂಡು ಊರೂರು ತಿರುಗಿದರು. ಹೋದಲ್ಲಿ ಹಾಡು, ಕೀರ್ತನೆ, ಊರವರು ಕೊಟ್ಟ ಜೋಳದಿಂದ ಊಟ, ನಸುಕಿನಲ್ಲಿ ಎದ್ದು ಸಾಧನೆ. ಮಕ್ಕಳ ಹೊಟ್ಟೆ ತುಂಬಿಸಿದ್ದು ಸಂಗೀತವೇ, ಮಕ್ಕಳಿಗೆ ಕಲಿಸಿದ್ದೂ ಸಂಗೀತವನ್ನೇ. ಎಷ್ಟೋ ವರ್ಷಗಳ ಅಲೆದಾಟದ ನಂತರ ಗದಗಿನ ಬಸರೀಗಿಡದ ವೀರಪ್ಪನವರು ಜಾಗ ಕೊಟ್ಟರು, ವೀರೇಶ್ವರ ಪುಣ್ಯಾಶ್ರಮಕ್ಕೆ ನೆಲೆ ಸಿಕ್ಕಿತು. 1944ರ ಜೂನ್‌ನಲ್ಲಿ ಪಂಚಾಕ್ಷರಿಗಳು ಹೋಗಿಬಿಟ್ಟರು.

ಅವರಿಗೆ ಕಣ್ಣಿದ್ದ ಶಿಷ್ಯರೂ ಇದ್ದರು. ಕುಂದಗೋಳ ಸೀಮೆಯ ಯಲಿವಾಳದ ಹುಡುಗ ಬಸವರಾಜ ರಾಜಗುರು ಅವರಲ್ಲೊಬ್ಬ. 1936ರಲ್ಲಿ ವಿಜಯನಗರ ಸ್ಥಾಪನೆಯಾಗಿ 600 ವರ್ಷವಾದ ಉತ್ಸವ ಹಂಪಿಯಲ್ಲಿ ನಡೆದಾಗ ಆ ಹುಡುಗ ಮೊದಲ ಬಾರಿ ದೊಡ್ಡ ಸಭೆಯಲ್ಲಿ ಹಾಡಿದ. ತಬಲಾಕ್ಕೆ ಕೂತವರು ಯಾರು? ಗುರು ಪಂಚಾಕ್ಷರಿಗಳೇ. ಉಭಯಗಾನ ವಿಶಾರದ ಎನಿಸಿಕೊಂಡವರು ತಮ್ಮ ಶಿಷ್ಯನಿಗೆ ಸಾಥಿಗೆ ಕೂತರು! ನೂರು ಪುಟ ಓದಿದರೂ ಆ ಗುರುವಿನ ಗುಣ ಇಷ್ಟು ನಿಚ್ಚಳವಾಗಿ ತಿಳಿಯಲಾರದು. ವೇದಿಕೆ ಹುಡುಗನದು, ತಾನು ಠೇಕಾ ಹಿಡಿಯಬೇಕಾದವನು ಎಂದುಕೊಂಡರಲ್ಲ, ಅವರ ಸೇವೆಯೆಲ್ಲ ಅದರಲ್ಲೇ ಇದೆ.

ಪುಟ್ಟರಾಜರದೂ ಅದೇ ಹಾನಗಲ್ಲ ಸೀಮೆ. 1914ರಲ್ಲಿ ದೇವಗಿರಿ ಹೊಸಪೇಟೆಯಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ಕಣ್ಣು ಕಳೆದುಕೊಂಡು, ತಂದೆ ತಾಯಿಯನ್ನೂ ಕಳೆದುಕೊಂಡು ಸೋದರಮಾವನ ಮನೆಯಲ್ಲಿ ಬೆಳೆದರು. ಮಾವನ ಹಾರ್ಮೋನಿಯಂ ಮೇಲೆ ಹುಡುಗ ತಾನಾಗಿ ಬೆರಳಾಡಿಸಿದ್ದು ನೋಡಿ ಮಾವ ಪಂಚಾಕ್ಷರಿಗಳಿಗೆ ಒಪ್ಪಿಸಿದರು. ಹಾರ್ಮೋನಿಯಂ, ತಬಲಾ, ಪಿಟೀಲು, ಸಾರಂಗಿ ಎಲ್ಲವೂ ಅವರ ಕೈಗೆ ಬಂದವು. ಗುರು ಹೋದಾಗ ಆಶ್ರಮದಲ್ಲಿ ಇದ್ದದ್ದು ಉಣ್ಣಬೇಕಾದ ಮಕ್ಕಳು, ಇಲ್ಲದ್ದು ದುಡ್ಡು. ಆಗ ಆ ಹರೆಯದ ಗವಾಯಿ ಹಿಡಿದ ದಾರಿ ನಾಟಕ ಕಂಪನಿ. ಶರಣರ, ಸಂತರ ಕಥೆಗಳನ್ನು ಅವರೇ ನಾಟಕ ಮಾಡಿದರು, ಅವರೇ ರಾಗ ಹಾಕಿದರು. ಆಶ್ರಮದ ಹುಡುಗರು ಪೇಟಿ, ತಬಲಾಕ್ಕೆ ಕೂತರು, ಪಾತ್ರವನ್ನೂ ಕಟ್ಟಿದರು. ಜಾತ್ರೆ ಎಲ್ಲಿಯೋ ಅಲ್ಲಿ ಕ್ಯಾಂಪು. ಟಿಕೆಟ್ಟಿನ ದುಡ್ಡಿನಿಂದ ಗದಗಿನಲ್ಲಿ ಒಲೆ ಉರಿಯುತ್ತಿತ್ತು.

ಆಮೇಲೆ ತುಲಾಭಾರಗಳು ಬಂದವು. ಭಕ್ತರು ಅವರನ್ನು ತಕ್ಕಡಿಯಲ್ಲಿ ಕೂರಿಸಿ ನಾಣ್ಯದಿಂದ, ಧಾನ್ಯದಿಂದ, ಬೆಲ್ಲದಿಂದ ತೂಗಿದರು. ತೂಗಿದ್ದೆಲ್ಲ ಮಕ್ಕಳಿಗೆ. 2010ರಲ್ಲಿ ಪದ್ಮಭೂಷಣ ಬಂತು, ಅದೇ ವರ್ಷ ಸೆಪ್ಟೆಂಬರ್ 17ರಂದು ಅಜ್ಜಾರು ಲಿಂಗೈಕ್ಯರಾದರು. ಅವತ್ತು ಗದಗಿನ ರಸ್ತೆಗಳಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೆಸರು ಬಂದದ್ದು ಹೀಗೆ, ಕೆಲಸದ ಹಿಂದಿನಿಂದ, ಬಹಳ ತಡವಾಗಿ.

ನನ್ನ ಮಾತಿಗೆ ಒಂದು ಎದುರು ಮಾತು ಬರುತ್ತದೆ. ಹೆಸರಿದ್ದರೆ ಹೆಚ್ಚು ದುಡ್ಡು ಕೂಡುತ್ತದೆ, ಹೆಚ್ಚು ಜನಕ್ಕೆ ಸಹಾಯವಾಗುತ್ತದೆ ಅಲ್ಲವೇ? ಆಗುತ್ತದೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ನಮ್ಮ ನರಗುಂದ, ರೋಣದ ಹಳ್ಳಿಗಳು ನೀರಿನಲ್ಲಿ ನಿಂತಿದ್ದವು. ಅಂಥ ಹೊತ್ತಿನಲ್ಲಿ ಹೆಸರಾದ ಗಾಯಕರು ಒಂದು ಸಂಜೆ ಹಾಡಿ ಕೂಡಿಸುವ ಹಣ ನೂರು ಮನೆಗೆ ಅಕ್ಕಿ ಮುಟ್ಟಿಸಬಲ್ಲದು. ಅದನ್ನು ಯಾರೂ ಕಡಿಮೆ ಎಣಿಸಬಾರದು. ಆದರೆ ಅಲ್ಲಿ ಜನಕ್ಕೆ ಮುಟ್ಟುವುದು ಹಣ. ಗದಗಿನಲ್ಲಿ ಮುಟ್ಟಿದ್ದು ವಿದ್ಯೆ. ಹಣ ಮುಟ್ಟಿದವನ ಆ ತಿಂಗಳು ದಾಟುತ್ತದೆ. ವಿದ್ಯೆ ಮುಟ್ಟಿದವನು ಇನ್ನೊಬ್ಬನಿಗೆ ಕಲಿಸಲು ಕೂರುತ್ತಾನೆ. ಇಪ್ಪತ್ತೆರಡರ ಹುಡುಗನ ಹತ್ತಿರ ಹಣ ಇರಲಿಕ್ಕಿಲ್ಲ, ವಿದ್ಯೆ ಇರುತ್ತದೆ. ಅವನು ಕಾಯಬೇಕು ಯಾಕೆ?

ಕಣ್ಣಿಲ್ಲದ ಮಗುವಿಗೆ ತಬಲಾ ಕಲಿಸುವುದನ್ನು ಹತ್ತಿರದಿಂದ ನೋಡಿದವರಿಗೆ ಇದು ಇನ್ನೂ ಚೆನ್ನಾಗಿ ತಿಳಿಯುತ್ತದೆ. ಕಲಿಸುವವನು ಮಗುವಿನ ಹಿಂದೆ ಕೂತು, ಅದರ ಕೈ ಹಿಡಿದು, ತೋರುಬೆರಳನ್ನು ಅಂಚಿಗೆ ತಂದು 'ನಾ' ನುಡಿಸುತ್ತಾನೆ. ಬೆರಳು ಸ್ವಲ್ಪ ಒಳಗೆ ಸರಿದರೆ ನಾದ ಬೇರೆ, ನಡುವಿನ ಕರಣೆಯ ಮೇಲೆ ಬಿದ್ದರೆ ಅದೇ ಬೇರೆ. ಆ ಕಪ್ಪು ಶಾಯಿಯ ದೊರಗು, ಸುತ್ತಲಿನ ಚರ್ಮದ ನುಣುಪು ಬೆರಳಿಗೇ ತಿಳಿಯುತ್ತದೆ. ಬಾಯಲ್ಲಿ ಮೊದಲು, ಕೈಯಲ್ಲಿ ಆಮೇಲೆ. ಧಾ ಧಿನ್ ಧಿನ್ ಧಾ ಎಂದು ಹದಿನಾರು ಮಾತ್ರೆ ತೊಡೆ ತಟ್ಟಿಕೊಂಡು ಹೇಳಿ ಹೇಳಿ ಒಳಗಿಳಿದ ಮೇಲೆಯೇ ವಾದ್ಯ ಮುಟ್ಟುವುದು. ಹಾರ್ಮೋನಿಯಂನಲ್ಲಿ ಕರೀ ಮನೆಗಳು ಎರಡೆರಡು, ಮೂರುಮೂರು ಗುಂಪಾಗಿ ಎದ್ದು ನಿಂತಿರುತ್ತವೆ. ಅವನ್ನು ತಡವಿ ಹುಡುಗ ತನ್ನ ಷಡ್ಜ ಹುಡುಕಿಕೊಳ್ಳುತ್ತಾನೆ. ಬಂದಿಶ್, ಅಂದರೆ ರಾಗದಲ್ಲಿ ಕಟ್ಟಿದ ಹಾಡು, ಪೂರ್ತಿ ಕಿವಿಯಿಂದ ನೆನಪಿಗೆ. ಇದಕ್ಕೆ ಬೇಕಾದದ್ದು ಬೇಸರವಿಲ್ಲದ ಒಬ್ಬ ಮನುಷ್ಯ ಮತ್ತು ದಿನದಿನವೂ ಅವನ ಹೊತ್ತು. ದೊಡ್ಡ ಕಲಾವಿದರಿಗೆ ಕಛೇರಿ, ಪ್ರವಾಸಗಳ ನಡುವೆ ಅಂಥ ಹೊತ್ತು ಉಳಿಯುವುದು ಕಷ್ಟ. ಹರೆಯದವರ ಹತ್ತಿರ ಅದು ಇದೆ. ಆಶ್ರಮದ ಪದ್ಧತಿ ನಡೆದುಬಂದದ್ದೂ ಹೀಗೇ, ನಿನ್ನೆ ಕಲಿತವನು ಇವತ್ತು ಬಂದವನಿಗೆ ಕೈ ಹಿಡಿದು ತೋರಿಸುವುದು.

ಆಶ್ರಮದ ಬಾಗಿಲು ಬಡವರ ಮಕ್ಕಳಿಗೆಲ್ಲ ತೆರೆದಿತ್ತು, ಕಣ್ಣಿದ್ದವರಿಗೂ. ಬಳ್ಳಾರಿ ಬಳಿಯ ಲಕ್ಷ್ಮೀಪುರದ ಜನಪದ ಗಾಯಕ ಹುಲೆಪ್ಪನವರ ಮಗನನ್ನು ಸೋದರಮಾವ ಬೆಳಗಲ್ಲು ವೀರಣ್ಣನವರು ತಂದು ಬಿಟ್ಟರು. ಹುಡುಗ ಹನ್ನೆರಡು ವರ್ಷ ಅಜ್ಜಾರ ಹತ್ತಿರ ಕಲಿತ. ಅವರೇ ಇವತ್ತಿನ ಪಂಡಿತ ಎಂ. ವೆಂಕಟೇಶಕುಮಾರ್. ಅವರು ಧಾರವಾಡದಲ್ಲಿ ದಶಕಗಳ ಕಾಲ ಮೇಷ್ಟರಾಗಿ ಪಾಠ ಹೇಳಿದರು, ದೇಶದ ದೊಡ್ಡ ವೇದಿಕೆಗಳು ಅವರನ್ನು ಗುರುತಿಸಿದ್ದು ತಡವಾಗಿ, 2016ರಲ್ಲಿ ಪದ್ಮಶ್ರೀ ಬಂತು.

ಹೆಸರಾದವರ ಮಾತಾಯಿತು. ನನಗೆ ಹೆಚ್ಚು ಮುಖ್ಯ ಎನಿಸುವವರು ಹೆಸರಾಗದವರು. ಶ್ರಾವಣ ಬಂತೆಂದರೆ ನಮ್ಮ ಕಡೆ ಊರೂರಿನ ಮಠ, ಗುಡಿಗಳಲ್ಲಿ ತಿಂಗಳ ಪುರಾಣ. ಶಾಸ್ತ್ರಿಗಳು ಪ್ರವಚನ ಹೇಳುತ್ತಾರೆ, ಪಕ್ಕದಲ್ಲಿ ಒಬ್ಬ ಗವಾಯಿ, ಒಬ್ಬ ತಬಲಜಿ. ನಡುನಡುವೆ ಬಸವಣ್ಣನ ವಚನ ಭೀಮಪಲಾಸದಲ್ಲೋ ಭೈರವಿಯಲ್ಲೋ ಬರುತ್ತದೆ. ಹೊಲದಿಂದ ಬಂದು ಕೈಕಾಲು ತೊಳೆದು ಕೂತ ಹೆಣ್ಣುಮಕ್ಕಳು ರಾಗದ ಹೆಸರು ಗೊತ್ತಿಲ್ಲದೆಯೂ ಎಲ್ಲಿ ತಲೆದೂಗಬೇಕೋ ಅಲ್ಲೇ ತಲೆದೂಗುತ್ತಾರೆ. ಹಿಂದುಸ್ತಾನಿ ಸಂಗೀತ ನಮ್ಮ ಹಳ್ಳಿಯ ಕಟ್ಟೆಗೆ ಬಂದದ್ದು ಇಂಥ ಗವಾಯಿಗಳಿಂದ. ಅವರಲ್ಲಿ ಎಷ್ಟೋ ಜನ ಗದಗಿನಲ್ಲಿ ಕಲಿತವರು, ಎಷ್ಟೋ ಜನಕ್ಕೆ ಕಣ್ಣಿಲ್ಲ.

ಅಂಥ ಒಬ್ಬ ತಬಲಜಿ ನನಗೆ ಪರಿಚಯ. ಹೆಸರು ಬರೆಯುವುದಿಲ್ಲ, ಅವನಿಗೆ ಇಷ್ಟವಾಗುವುದಿಲ್ಲ. ವಯಸ್ಸು ಇಪ್ಪತ್ತೈದರ ಒಳಗೆ. ಪುರಾಣದ ಹಂಗಾಮಿನಲ್ಲಿ ಊರೂರು ತಿರುಗುತ್ತಾನೆ. ಉಳಿದ ದಿನಗಳಲ್ಲಿ ತನ್ನೂರಿನ ಹನುಮಪ್ಪನ ಗುಡಿಯಲ್ಲಿ ಹುಡುಗರನ್ನು ಕೂಡಿಸಿಕೊಂಡು ಕೂರುತ್ತಾನೆ. ಎಲ್ಲ ಓಣಿಯ ಹುಡುಗರೂ ಬರುತ್ತಾರೆ. ಮೊದಮೊದಲು ಕೆಲವರು ಮಕ್ಕಳನ್ನು ಒಟ್ಟಿಗೆ ಕೂರಿಸಲು ಗೊಣಗಿದ್ದರಂತೆ. ಈಗ ಆ ಮಾತಿಲ್ಲ. ಕಟ್ಟೆಯ ಹಿರಿಯರೊಬ್ಬರು ನನ್ನೆದುರಿಗೇ ಕೇಳಿದರು, "ಏನೋ ತಮ್ಮಾ, ಟಿವ್ಯಾಗ ಯಾವಾಗ ಬರ್ತೀ?" ಅವನು ಹೇಳಿದ, "ನಾಳಿ ಮುಂಜಾನಿ ಹುಡುಗೂರಿಗೆ ಪಾಠ ಐತ್ರೀ ಅಜ್ಜಾರ, ಅದನ್ನ ಮುಗಿಸಿ ನೋಡೂಣು." ಹಿರಿಯರು ನಕ್ಕರು. ಅವನು ಮಾತ್ರ ಅದನ್ನು ನಿಜವಾಗಿಯೇ ಹೇಳಿದ್ದ.

ಆದರೆ ಈ ಹುಡುಗನ ಬದುಕು ಸುಲಭವಿಲ್ಲ, ಆ ಕಷ್ಟಕ್ಕೆ ಊರಿನ ನಾವು ಕಾರಣ. ಪುರಾಣ ಮಂಗಲವಾದ ದಿನ ಅವನಿಗೆ ಶಾಲು ಹೊದಿಸುತ್ತಾರೆ, ಹಾರ ಹಾಕುತ್ತಾರೆ, ತೆಂಗಿನಕಾಯಿ ಕೊಡುತ್ತಾರೆ. ಮಾತಾಡಿದ್ದ ಹಣದಲ್ಲಿ ಅರ್ಧ ಕೊಟ್ಟು "ಉಳಿದದ್ದು ಮುಂದಿನ ಸಲ" ಎನ್ನುತ್ತಾರೆ. ಅದೇ ಪೆಂಡಾಲಿನವನಿಗೆ, ಸೌಂಡ್ ಸಿಸ್ಟಮ್ಮಿನವನಿಗೆ, ಅಡುಗೆಯವರಿಗೆ ಪೂರ್ತಿ ಹಣ ಸಂದಿರುತ್ತದೆ. ಕೇಳಿದರೆ "ಅಂವದು ಸೇವಾ ಅಲ್ಲೇನ್ರೀ" ಎಂಬ ಉತ್ತರ. ಸೇವೆ ಅವನು ಕೊಡುವುದು, ನಾವು ಅವನಿಂದ ಕಿತ್ತುಕೊಳ್ಳುವುದಲ್ಲ. ಒಂದು ಜೊತೆ ತಬಲಾಕ್ಕೆ ಮೇಲಿನ ಚರ್ಮ ಹೊಸದಾಗಿ ಹಾಕಿಸಬೇಕು, ಬಸ್ಸಿಗೆ ಕೊಡಬೇಕು, ಜೊತೆಗೆ ಬರುವ ಹುಡುಗನಿಗೂ ಚಹಾ ಕೊಡಿಸಬೇಕು. ಶಾಲಿನಿಂದ ಇದ್ಯಾವುದೂ ಆಗುವುದಿಲ್ಲ. ಪಂಚಾಕ್ಷರಿಗಳ ಮಕ್ಕಳಿಗೆ ಜೋಳ ಕೊಟ್ಟ ಬಡ ಹಳ್ಳಿಗಳು, ಪುಟ್ಟರಾಜರನ್ನು ನಾಣ್ಯದಲ್ಲಿ ತೂಗಿದ ಜನ ಈ ಲೆಕ್ಕವನ್ನು ನಮಗಿಂತ ಚೆನ್ನಾಗಿ ಅರಿತಿದ್ದರು. ಆ ಹರೆಯದವರ ಕೆಲಸ ಉಳಿದು ಬಂದದ್ದು ಅವರ ತ್ಯಾಗದಿಂದ ಮಾತ್ರ ಅಲ್ಲ. ಊರು ಅವರನ್ನು ಉಪವಾಸ ಕೆಡವಲಿಲ್ಲ, ಅದಕ್ಕೇ ಉಳಿಯಿತು.

ಸಂಗೀತ ಕಲಿತ ಮಕ್ಕಳೇ, ನಿಮಗೂ ಒಂದು ಮಾತು. ಸೇವೆ ಮಾಡಲು ಟ್ರಸ್ಟು, ಬ್ಯಾನರು, ಉದ್ಘಾಟನೆ ಬೇಕಿಲ್ಲ. ಸಂಗೀತದ ಮೇಷ್ಟರಿಲ್ಲದ ಸರ್ಕಾರಿ ಶಾಲೆ ನಿಮ್ಮೂರಲ್ಲೇ ಇದ್ದೀತು. ಹೆಡ್‌ಮಾಸ್ಟರರನ್ನು ಕೇಳಿ ವಾರಕ್ಕೆ ಒಂದು ತಾಸು ತೆಗೆದುಕೊಳ್ಳಿ. ಸಂಗೀತದ ಜೂನಿಯರ್ ಪರೀಕ್ಷೆ ಪಾಸಾಗಿದ್ದರೂ ಸಾಕು, ಅಲಂಕಾರ, ಒಂದೆರಡು ವಚನ, ಒಂದು ತಾಳ ಕಲಿಸಲು ಅಷ್ಟು ಬೇಕಾದಷ್ಟಾಯಿತು. ಕಲಿಸುತ್ತ ನಿಮ್ಮದೂ ಗಟ್ಟಿಯಾಗುತ್ತದೆ. ಕಛೇರಿಯ ಕನಸನ್ನು ಬಿಡಿ ಎಂದು ಹೇಳುತ್ತಿಲ್ಲ. ರಾಜಗುರುಗಳು ಲಾಹೋರ್, ಕರಾಚಿಯ ಕಡೆಗೂ ಹೋಗಿ ಕಲಿತು ಬಂದವರು, ದೇಶವೆಲ್ಲ ಹಾಡಿದವರು, ಧಾರವಾಡದಲ್ಲಿ ಕೂತು ಶಿಷ್ಯರನ್ನೂ ತಯಾರು ಮಾಡಿದವರು. ಎರಡೂ ಒಂದೇ ಬದುಕಿನಲ್ಲಿ ಸೇರುತ್ತವೆ.

ಶ್ರಾವಣದ ಪುರಾಣಕ್ಕೆ ಪಟ್ಟಿ ಹಣ ಕೂಡಿಸುವ ಕಮಿಟಿಯವರು ಇದನ್ನು ಓದುತ್ತಿದ್ದರೆ ನನ್ನದೊಂದು ಬೇಡಿಕೆ. ಖರ್ಚಿನ ವಹಿಯಲ್ಲಿ ಗವಾಯಿ ಮತ್ತು ತಬಲಜಿಯ ಹಣವನ್ನು ಮೊದಲನೇ ಸಾಲಿನಲ್ಲಿ ಬರೆಯಿರಿ, ಪೆಂಡಾಲು ಆಮೇಲೆ ಬರಲಿ. ಮಂಗಲದ ದಿನ ಶಾಲು ಹೊದಿಸುವ ಮೊದಲು ಆ ಹಣ ಪೂರ್ತಿಯಾಗಿ ಅವರ ಕೈ ಸೇರಲಿ. ಅವರ ಹುಡುಗರ ಪಾಠಕ್ಕೆ ಗುಡಿಯ ಪಡಸಾಲೆಯನ್ನು ವರ್ಷವಿಡೀ ಬಿಟ್ಟುಕೊಡಿ, ಕರೆಂಟಿನ ಬಿಲ್ಲು ಊರಿನ ಲೆಕ್ಕಕ್ಕೆ ಹಾಕಿ.